ಮಾನ್ಯತೆ ಕೊಡೋರು ಯಾರು?

ನಮ್ಮ ಚಿಕ್ಕಪ್ಪನನ್ನು ಕುಡಿತ ಬಿಡಿಸುವ ಒಂದು ಕೇಂದ್ರಕ್ಕೆ ಸೇರಿಸಿದ್ದೆವು. ಸೇರಿಸಿದ್ದು ನಾವೇ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಾದ್ದರಿಂದ ಫಾರಂ ಓದುವ, ರುಜು ಹಾಕುವ, ಕೌಂಟರಿನಲ್ಲಿ ನಿಂತು ಮಾತಾಡುವ ಕೆಲಸಗಳೆಲ್ಲ ನಮ್ಮ ಪಾಲಿಗೇ ಬರುತ್ತವೆ. ಬಾಗಿಲಿಗೆ ಎದುರಾಗಿ ಗೋಡೆಯ ಮೇಲೆ ಗಾಜು ಹಾಕಿಸಿದ ಒಂದು ಪ್ರಮಾಣಪತ್ರ ತೂಗುಹಾಕಿದ್ದರು. ನೋಂದಣಿ ಸಂಖ್ಯೆ, ಮೊಹರು, ರುಜು ಎಲ್ಲ ಇದ್ದವು. ಚಿಕ್ಕಮ್ಮನಿಗೆ ಓದು ಬರದು. ಮೊಹರನ್ನು ಮಾತ್ರ ಗುರುತು ಹಿಡಿದಳು. 'ಸರ್ಕಾರದ್ದು ಐತೆ, ಇನ್ನೇನು ಭಯ ಇಲ್ಲ ಬುಡು' ಅಂದಳು. ಹದಿನೆಂಟು ದಿನ ಕಳೆದು ಹೋಗಿ ನೋಡಿದರೆ ಚಿಕ್ಕಪ್ಪನ ಎರಡೂ ಮುಂಗೈ ಮೇಲೆ ಹಗ್ಗದ ಬರೆ. ಮನೆಗೆ ಕರೆತಂದ ಮೇಲೆ ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಹೇಳಿದ: 'ಆ ಸರ್ಟಿಫಿಕೇಟು ನೇತಾಕಿದ್ರಲ್ಲಪ್ಪ, ಆ ಗೋಡೆ ಹಿಂದಿನ ರೂಮಲ್ಲೇ ನನ್ನ ಕಟ್ಟಾಕಿದ್ದು.' ಊಟಕ್ಕೆ ಕೂತಾಗ ಯಾವೂರು ಅಂತ ಕೇಳಿದರಂತೆ. ಊರ ಹೆಸರು ಹೇಳಿದ ಮೇಲೆ ಊರಲ್ಲಿ ಯಾವ ಕಡೆ ಅಂತ ಕೇಳಿದರಂತೆ. ಅವತ್ತಿನಿಂದ ಅವನ ತಟ್ಟೆ ಬೇರೆ.

ಆ ಕೇಂದ್ರದ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ದೂರು ಕೊಡುವುದಕ್ಕೆ ಬೇರೆ ಜಾಗ ಇದೆ. ನಮ್ಮನ್ನು ಕಾಡುತ್ತಿರುವುದು ಚಿಕ್ಕಮ್ಮ ನಂಬಿದ ಆ ಮೊಹರು. ಈ ಸಂಗತಿಯನ್ನು ಗೆಳೆಯರ ಮುಂದೆ ಇಟ್ಟಾಗ ಅವರು ಎರಡು ಪಾಲಾದರು. ಮೊಹರು ಅನ್ನೋದೇ ಒಂದು ಮೋಸ, ಕೇರಿಯಲ್ಲೇ ಒಂದು ಮನೆ ಮಾಡಿ ನಮ್ಮ ಜನರನ್ನು ನಾವೇ ನೋಡಿಕೊಳ್ಳೋಣ, ಯಾರ ಸರ್ಟಿಫಿಕೇಟೂ ಬೇಡ ಎಂದಿತು ಒಂದು ಪಾಲು. ಮೊಹರಿಲ್ಲದೆ ಮಾಡಿದರೆ ಮೊದಲು ಜೈಲಿಗೆ ಹೋಗೋರು ನಾವೇ, ಮೇಲ್ಜಾತಿಯವನು ಮಾಡಿದರೆ ಸೇವೆ ಅಂತಾರೆ, ನಾವು ಮಾಡಿದರೆ ದಂಧೆ ಅಂತಾರೆ, ಆದ್ದರಿಂದ ಮೊದಲು ಕಾಗದ ಪತ್ರ ಸರಿ ಮಾಡಿಕೊಳ್ಳಿ ಎಂದಿತು ಇನ್ನೊಂದು ಪಾಲು. ರಾತ್ರಿ ಎರಡು ಗಂಟೆಯವರೆಗೂ ಜಗಳ ನಡೆಯಿತು. ಇಬ್ಬರ ಮಾತಿನಲ್ಲೂ ಹುರುಳಿತ್ತು, ಇಬ್ಬರಿಗೂ ಉತ್ತರ ಹೇಳಲು ನಮಗಾಗಲಿಲ್ಲ. ತುಳಿತಕ್ಕೆ ಸಿಕ್ಕ ಜನ ತಮ್ಮವರ ಆರೈಕೆಗೆ ತಾವೇ ನಿಂತಾಗ, ಈ ಆರೈಕೆ ಸರಿಯಾಗಿದೆ, ಇದನ್ನು ನಂಬಬಹುದು ಎಂದು ಹೇಳುವ ಅಧಿಕಾರ ಯಾರಿಗೆ ಸೇರಿದ್ದು? ಮೇಲ್ನೋಟಕ್ಕೆ ಇದು ಕಚೇರಿಯ ಪ್ರಶ್ನೆಯಂತೆ ಕಾಣುತ್ತದೆ. ನಮಗೆ ಇದು ನ್ಯಾಯ ಅನ್ಯಾಯದ ಪ್ರಶ್ನೆಯಾಗಿಯೇ ಕಂಡಿದೆ.

ಈ ಪ್ರಶ್ನೆಯನ್ನು ನಮಗಿಂತ ಮೊದಲು, ನಮಗಿಂತ ದೊಡ್ಡ ಬೆಲೆ ತೆತ್ತು ಎದುರಿಸಿದವರು ಅಮೆರಿಕದ ಕಪ್ಪುಜನ. ಅವರ ಕಡೆ ನೋಡುವುದು ನಮ್ಮ ಚಳವಳಿಗೆ ಹೊಸದೇನಲ್ಲ. 1946ರಲ್ಲಿ ಬಾಬಾಸಾಹೇಬರು ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪುಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. 1966ರಲ್ಲಿ ಓಕ್ಲೆಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನೇ 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ತಮ್ಮದು ಮಾಡಿಕೊಂಡು ದಲಿತ ಪ್ಯಾಂಥರ್ಸ್ ಆದರು. ಅದರ ಬಿಸಿ ಕರ್ನಾಟಕಕ್ಕೂ ತಟ್ಟಿತು. ಆದರೆ ಪ್ಯಾಂಥರರೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಬಂದೂಕು ಹಿಡಿದ ಫೋಟೋ ಮಾತ್ರ ಗೊತ್ತು. ಅವರು ಮಕ್ಕಳಿಗೆ ಬೆಳಗಿನ ತಿಂಡಿ ಹಾಕಿದ್ದು, ದವಾಖಾನೆ ತೆರೆದದ್ದು, ಚಟಕ್ಕೆ ಬಿದ್ದವರ ಪಕ್ಕ ರಾತ್ರಿಯೆಲ್ಲ ಕೂತದ್ದು ಅಷ್ಟಾಗಿ ಗೊತ್ತಿಲ್ಲ.

ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್ ಎಂಬ ಕಡೆ ಲಿಂಕನ್ ಆಸ್ಪತ್ರೆ ಇದೆ. 1839ರಲ್ಲಿ ಗತಿಯಿಲ್ಲದ ಮುದಿ ಕಪ್ಪುಜನರಿಗಾಗಿ ಶುರುವಾದ ಆಶ್ರಯಧಾಮವೊಂದು ಅದರ ಮೂಲ. 1970ರ ಹೊತ್ತಿಗೆ ಅದು ನಗರಾಡಳಿತದ ಆಸ್ಪತ್ರೆ, ಜೊತೆಗೆ ದೊಡ್ಡ ಮೆಡಿಕಲ್ ಕಾಲೇಜೊಂದರ ನಂಟು. ಕಟ್ಟಡ ಹಳೆಯದಾಗಿ ಉಪಯೋಗಕ್ಕೆ ಬಾರದು ಎಂದು ನಗರದವರೇ ಎಷ್ಟೋ ವರ್ಷಗಳ ಹಿಂದೆ ತೀರ್ಮಾನಿಸಿದ್ದರು. ಆದರೂ ಅಲ್ಲೇ ಹೆರಿಗೆ, ಅಲ್ಲೇ ಆಪರೇಷನ್ನು. ಸುತ್ತಲಿನ ಕಪ್ಪುಜನ ಮತ್ತು ಪೋರ್ಟೊರಿಕೊದವರು ಅದನ್ನು ಕಸಾಯಿಖಾನೆ ಎಂದೇ ಕರೆಯುತ್ತಿದ್ದರು. ಗಮನಿಸಬೇಕಾದ ಮಾತು ಒಂದಿದೆ. ಸರ್ಕಾರದ ಮೊಹರೂ ಕಾಲೇಜಿನ ಹೆಸರೂ ಎರಡೂ ಇದ್ದ ಆಸ್ಪತ್ರೆ ಅದು.

1970ರ ಜುಲೈ 14ರಂದು ಬೆಳಗಿನ ಜಾವ ಯಂಗ್ ಲಾರ್ಡ್ಸ್ ಎಂಬ ಪೋರ್ಟೊರಿಕನ್ ಯುವಕರ ಸಂಘಟನೆ ಆ ಆಸ್ಪತ್ರೆಗೆ ನುಗ್ಗಿ ಸುಮಾರು ಹನ್ನೆರಡು ಗಂಟೆ ಕಾಲ ವಶಪಡಿಸಿಕೊಂಡಿತು. ಅವರೊಂದಿಗೆ ಆಸ್ಪತ್ರೆಯ ಕೆಳಗಿನ ನೌಕರರೂ ಕೆಲವು ಎಳೆಯ ಡಾಕ್ಟರರೂ ಇದ್ದರು. ರೋಗಿಗೆ ಏನು ಮಾಡುತ್ತಿದ್ದೀರಿ ಎಂದು ರೋಗಿಗೆ ಹೇಳಿ, ಅವನ ಭಾಷೆಯಲ್ಲಿ ಹೇಳಿ, ಬೇಡವೆಂದರೆ ಬಿಟ್ಟುಬಿಡಿ ಎಂದು ಕೇಳಿದರು. ರೋಗಿಗಳ ಹಕ್ಕುಗಳು ಅಂತ ಒಂದು ಪಟ್ಟಿ ಬರೆದು ಮುಂದಿಟ್ಟರು. ಮೂರು ವರ್ಷಗಳ ತರುವಾಯ, 1973ರಲ್ಲಿ, ಅಮೆರಿಕದ ಆಸ್ಪತ್ರೆಗಳ ಸಂಘವೇ ರೋಗಿಗಳ ಹಕ್ಕುಗಳ ಒಂದು ಪಟ್ಟಿಯನ್ನು ಅಂಗೀಕರಿಸಿತು. ಬೀದಿಯ ಪಟ್ಟಿ ಮೊದಲು ಬಂತು, ಸಂಘದ ಪಟ್ಟಿ ಆಮೇಲೆ ಬಂತು. ಈ ಅನುಕ್ರಮ ಯಾವ ಸರ್ಟಿಫಿಕೇಟಿನಲ್ಲೂ ಬರೆದಿರುವುದಿಲ್ಲ.

ಅದೇ ವರ್ಷ ನವೆಂಬರ್ 10ರಂದು ಇನ್ನೊಮ್ಮೆ ನುಗ್ಗಿದರು. ಈ ಸಲ ಯಂಗ್ ಲಾರ್ಡ್ಸ್, ಪ್ಯಾಂಥರರು, ಆಸ್ಪತ್ರೆ ನೌಕರರು, ಅವರ ಜೊತೆಗೆ ಹೆರಾಯಿನ್ ಚಟಕ್ಕೆ ಬಿದ್ದ ಬೀದಿಯ ಜನ. ನರ್ಸುಗಳ ವಸತಿ ಕಟ್ಟಡದ ಆರನೇ ಮಹಡಿಯಲ್ಲಿ ಚಟ ಬಿಡಿಸುವ ಕೇಂದ್ರವನ್ನು ತೆರೆದೇಬಿಟ್ಟರು. ಅರ್ಜಿ ಹಾಕಲಿಲ್ಲ, ಮಂಜೂರಾತಿಗೆ ಕಾಯಲಿಲ್ಲ. ಮೊದಲ ದಿನಗಳಲ್ಲೇ ನೂರಾರು ಜನ ಬಂದು ಸಾಲು ನಿಂತರು. ಕೊನೆಗೆ ನಗರಾಡಳಿತವೇ ಹಣ ಕೊಡಬೇಕಾಯಿತು. ಲಿಂಕನ್ ಡಿಟಾಕ್ಸ್ ಎಂಬ ಹೆಸರು ಹೀಗೆ ಬಂತು. ಅಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಅನೇಕರು ತಾವೇ ಚಟ ಬಿಟ್ಟು ಬಂದವರು. ಬೆವರಿ ನಡುಗುತ್ತಾ ಬಂದವನಿಗೆ ಔಷಧಿಯ ಜೊತೆಗೆ ಪಾಠವನ್ನೂ ಹೇಳುತ್ತಿದ್ದರು. ಈ ಪುಡಿ ನಿನ್ನ ಬೀದಿಗೇ ಯಾಕೆ ಬರುತ್ತೆ, ಬಿಳಿಯರ ಬೀದಿಗೆ ಯಾಕೆ ಹೀಗೆ ಬರಲ್ಲ, ನಿನ್ನ ಮನೆ ಬಾಡಿಗೆ ಯಾರ ಜೇಬಿಗೆ ಹೋಗುತ್ತೆ ಅಂತ. ಬಂದವನಿಗೆ ಕೋರ್ಟಿನಲ್ಲಿ ಕೇಸಿದ್ದರೆ ಜೊತೆಗೆ ಹೋಗುತ್ತಿದ್ದರು.

ಚಟವನ್ನು ಅವರು ಪಾಪವೆಂದೂ ತಿಳಿಯಲಿಲ್ಲ, ಬರೀ ರೋಗವೆಂದೂ ತಿಳಿಯಲಿಲ್ಲ. ನಮ್ಮ ಕೇರಿಯ ಕುಡಿತವನ್ನು ನೋಡಿ ಬೆಳೆದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಮಲದ ಗುಂಡಿಗೆ ಇಳಿಸುವ ಮೊದಲು ಕುಡಿಸುವವರು ಯಾರು? ಸತ್ತ ದನ ಎಳೆಯುವ ಕೂಲಿಯಲ್ಲಿ ಹೆಂಡದ ಪಾಲು ಸೇರಿಸಿದವರು ಯಾರು? ಕುಡುಕ ಸೂಳೇಮಗ ಅಂತ ಬಯ್ಯುವ ಬಾಯೇ ಕುಡಿಸಿದ ಕೈಯ ಒಡೆಯನೂ ಹೌದಲ್ಲವೇ?

ಆಮೇಲೆ ಸೂಜಿ ಬಂತು. ಹಾಂಗ್‌ಕಾಂಗಿನ ವೆನ್ ಎಂಬ ವೈದ್ಯರು ಕಿವಿಗೆ ಸೂಜಿ ಚುಚ್ಚಿದಾಗ ಅಫೀಮು ಬಿಡುವವರ ಸಂಕಟ ತಗ್ಗುತ್ತದೆಂದು 1970ರ ದಶಕದ ಆರಂಭದಲ್ಲಿ ಬರೆದಿದ್ದರು. ಚೀನಾದ ಬರಿಗಾಲ ವೈದ್ಯರ ಸುದ್ದಿಯೂ ಇವರಿಗೆ ತಲುಪಿತ್ತು. ಮುಟುಲು ಶಕೂರ್ ಮೊದಲಾದವರು ಈ ಸೂಜಿವೈದ್ಯವನ್ನು ಕಲಿತರು, ಕೆನಡಾದ ಮಾಂಟ್ರಿಯಲ್‌ವರೆಗೂ ಹೋಗಿ ಕಲಿತು ಬಂದರು. ಕಿವಿಯ ಮೇಲೆ ಐದು ಕಡೆ ಐದು ಸಣ್ಣ ಸೂಜಿ. ಖರ್ಚು ಕಡಿಮೆ, ಬೀದಿಯ ಮನುಷ್ಯನೂ ಕಲಿಯಬಲ್ಲ ವಿದ್ಯೆ.

1978ರ ನವೆಂಬರಿನಲ್ಲಿ, ಎಡ್ ಕೋಚ್ ಮೇಯರ್ ಆಗಿದ್ದಾಗ, ಪೊಲೀಸರನ್ನು ನಿಲ್ಲಿಸಿ ಆ ಕೇಂದ್ರವನ್ನು ಎತ್ತಂಗಡಿ ಮಾಡಿದರು. ಹಣದ ಲೆಕ್ಕ ಸರಿಯಿಲ್ಲ, ಆಡಳಿತ ಸರಿಯಿಲ್ಲ, ರಾಜಕೀಯ ಮಾಡುತ್ತಾರೆ ಎಂಬುದು ಆರೋಪ. ಲೆಕ್ಕ ಮತ್ತು ರಾಜಕೀಯ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ ಜಾಣತನವನ್ನು ನೋಡಿ. ಸೂಜಿ ಉಳಿಯಿತು. ಪಾಠ ಹೋಯಿತು. 1985ರಲ್ಲಿ ಆ ಐದು ಸೂಜಿಯ ವಿದ್ಯೆಯನ್ನು ಕಲಿಸಿ ಸರ್ಟಿಫಿಕೇಟು ಕೊಡುವ ರಾಷ್ಟ್ರೀಯ ಸಂಘವೇ ಹುಟ್ಟಿತು. ಹುಟ್ಟುಹಾಕಿದವರು ಅದೇ ಲಿಂಕನ್ ಕೇಂದ್ರದಲ್ಲಿದ್ದ ವೈದ್ಯ ಮೈಕೆಲ್ ಸ್ಮಿತ್. ಶಕೂರ್ ಆಗ ತಲೆಮರೆಸಿಕೊಂಡಿದ್ದರು. 1981ರ ಒಂದು ದರೋಡೆಯಲ್ಲಿ ಇಬ್ಬರು ಪೊಲೀಸರೂ ಒಬ್ಬ ಕಾವಲುಗಾರನೂ ಸತ್ತಿದ್ದರು; ಆ ಪ್ರಕರಣದಲ್ಲಿ 1988ರಲ್ಲಿ ಅವರಿಗೆ ಶಿಕ್ಷೆಯಾಯಿತು, 2023ರಲ್ಲಿ ತೀರಿಕೊಂಡರು. ಆ ಮೂವರ ಮನೆಯವರ ದುಃಖವನ್ನು ಮರೆತು ನಾವು ಅವರನ್ನು ದೇವರು ಮಾಡುವುದಿಲ್ಲ. ಆದರೆ ಬೀದಿಯಲ್ಲಿ ಹುಟ್ಟಿದ ವಿದ್ಯೆ ಸರ್ಟಿಫಿಕೇಟಿನೊಳಗೆ ಹೋಗುವಾಗ ಏನೇನು ಕಳಚಿ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಥೆ ನಮಗೆ ಸಿಕ್ಕಿಲ್ಲ.

ಇನ್ನು ಆ ದೇಶದಲ್ಲಿ ಮಾನ್ಯತೆಯ ಯಂತ್ರ ಹೇಗೆ ತಿರುಗುತ್ತದೆ ನೋಡೋಣ. ಮಾನ್ಯತೆ ಕೊಡುವವರು ಅಲ್ಲಿ ಸರ್ಕಾರದವರಲ್ಲ, ಖಾಸಗಿ ಸಂಸ್ಥೆಗಳು. ಆಸ್ಪತ್ರೆಗಳಿಗೆಂದು 1951ರಲ್ಲಿ ಶುರುವಾದ ಜಾಯಿಂಟ್ ಕಮಿಷನ್, ಪುನರ್ವಸತಿ ಕೇಂದ್ರಗಳಿಗೆಂದು 1966ರಲ್ಲಿ ಬಂದ ಕಾರ್ಫ್, ಮಕ್ಕಳ ಮತ್ತು ಕುಟುಂಬಗಳ ಸೇವಾ ಸಂಸ್ಥೆಗಳಿಗೆಂದು 1977ರಲ್ಲಿ ಬಂದ ಕೌನ್ಸಿಲ್ ಆನ್ ಅಕ್ರೆಡಿಟೇಷನ್. ಮಾನ್ಯತೆ ಬೇಕಾದ ಸಂಸ್ಥೆ ಶುಲ್ಕ ಕಟ್ಟಬೇಕು, ತನ್ನ ಪ್ರತಿಯೊಂದು ಕೆಲಸಕ್ಕೂ ಬರಹದಲ್ಲಿ ನಿಯಮ ಇಟ್ಟುಕೊಳ್ಳಬೇಕು, ತನ್ನನ್ನು ತಾನೇ ಅಳೆದು ವರದಿ ಬರೆಯಬೇಕು. ಆಮೇಲೆ ಪರಿಶೀಲಕರು ಬಂದು ಫೈಲು ನೋಡುತ್ತಾರೆ, ನೌಕರರನ್ನೂ ರೋಗಿಗಳನ್ನೂ ಮಾತಾಡಿಸುತ್ತಾರೆ. ಪಾಸಾದರೆ ಸಾಮಾನ್ಯವಾಗಿ ಮೂರು ವರ್ಷದ ಮಾನ್ಯತೆ. ಮೂರು ವರ್ಷಕ್ಕೆ ಮತ್ತೆ ಮೊದಲಿನಿಂದ.

ಇದು ಐಚ್ಛಿಕ ಅಂತಾರೆ. ಐಚ್ಛಿಕ ಎಂಬ ಮಾತನ್ನು ಬಡವರು ಎಚ್ಚರದಿಂದ ಕೇಳಬೇಕು. ಎಷ್ಟೋ ರಾಜ್ಯಗಳು, ವಿಮಾ ಕಂಪನಿಗಳು ಮಾನ್ಯತೆ ಇದ್ದರೇ ಹಣ ಅಂತಾವೆ. ಹೆರಾಯಿನ್ ಚಟಕ್ಕೆ ಕೊಡುವ ಮೆಥಡೋನ್ ಔಷಧಿಯ ವಿಷಯದಲ್ಲಂತೂ 2001ರ ಮೇ ತಿಂಗಳಿಂದ ಫೆಡರಲ್ ಸರ್ಕಾರದ ನಿಯಮವೇ ಬಂತು: ಸರ್ಕಾರ ಒಪ್ಪಿದ ಯಾವುದಾದರೊಂದು ಸಂಸ್ಥೆಯ ಮಾನ್ಯತೆ ಇಲ್ಲದ ಕೇಂದ್ರ ಆ ಔಷಧಿ ಕೊಡುವಂತಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಬರೀ ಈ ಕಾಗದಗಳಿಗೆಂದೇ ಸಂಬಳದ ಜನ ಇರುತ್ತಾರೆ. ಕಪ್ಪುಜನರ ಬೀದಿಯಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುವ ಸಣ್ಣ ಕೇಂದ್ರದಲ್ಲಿ ಅಡುಗೆ ಮಾಡುವವಳೇ ಲೆಕ್ಕ ಬರೆಯುತ್ತಾಳೆ, ಅವಳೇ ರಾತ್ರಿ ಕಾವಲಿರುತ್ತಾಳೆ. ಇಬ್ಬರಿಗೂ ಒಂದೇ ಫಾರಂ. ಫಾರಂ ಒಂದೇ ಆದದ್ದನ್ನು ಸಮಾನತೆ ಎನ್ನುವವರು ಓಟದ ಗೆರೆಯನ್ನು ನೋಡುತ್ತಾರೆಯೇ ಹೊರತು ಕಾಲಿನ ಬೇಡಿಯನ್ನು ನೋಡುವುದಿಲ್ಲ.

ಅಳತೆಗೋಲಿನೊಳಗೆ ಅಳೆಯುವವನ ಮನೆ ಅಡಗಿರುತ್ತದೆ. ಇದಕ್ಕೆ ಚಟದ ಹೊರಗಿನ ಒಂದು ಉದಾಹರಣೆ ಕೊಡಬೇಕು. ಅಮೆರಿಕದಲ್ಲಿ ಅನಾಥ ಮಕ್ಕಳನ್ನು ದತ್ತು ಕೊಡುವ ಏಜೆನ್ಸಿಗಳು ಕಪ್ಪುಮಕ್ಕಳನ್ನು ಸಾಕುವವರೇ ಸಿಗುವುದಿಲ್ಲ ಎಂದು ಬಹಳ ಕಾಲ ಹೇಳುತ್ತಿದ್ದವು. ಅವರ ಅರ್ಹತೆಯ ಪಟ್ಟಿ ಏನಿತ್ತು? ಮಗುವಿಗೆ ಬೇರೆ ಕೋಣೆ ಇರಬೇಕು, ತಾಯಿ ಹೊರಗೆ ದುಡಿಯಬಾರದು, ಕೈಯಲ್ಲಿ ಉಳಿತಾಯ ಇರಬೇಕು, ಶುಲ್ಕ ಕಟ್ಟಬೇಕು. ಬಿಳಿಯ ಮಧ್ಯಮವರ್ಗದ ಮನೆಯೊಂದನ್ನು ವರ್ಣಿಸಿ, ಆ ವರ್ಣನೆಗೆ ಒಳ್ಳೆಯ ತಂದೆತಾಯಿ ಅಂತ ಹೆಸರಿಟ್ಟಿದ್ದರು. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯಾಕೆ ಸೇರಿ ತಬ್ಬಲಿ ಮಕ್ಕಳನ್ನು ಸಾಕುವುದು ಕಪ್ಪುಜನರಲ್ಲಿ ಗುಲಾಮಗಿರಿಯ ಕಾಲದಿಂದಲೂ ನಡೆದು ಬಂದದ್ದು, ಅದು ಯಾರ ಪಟ್ಟಿಯಲ್ಲೂ ಇರಲಿಲ್ಲ. 1969ರಲ್ಲಿ ಡೆಟ್ರಾಯಿಟಿನಲ್ಲಿ ಸಿಡ್ನಿ ಡಂಕನ್ ಎಂಬ ಕಪ್ಪು ಮಹಿಳೆಯ ಮುಂದಾಳತ್ವದಲ್ಲಿ ಕಪ್ಪುಮಕ್ಕಳಿಗೆಂದೇ ಒಂದು ಏಜೆನ್ಸಿ ಶುರುವಾಯಿತು. ಬಂದವರನ್ನು ಹೊರಗೆ ಹಾಕುವುದಕ್ಕೆ ಕಾರಣ ಹುಡುಕುವುದನ್ನು ಬಿಟ್ಟು ಒಳಗೆ ಕರೆದುಕೊಳ್ಳಲು ಕಾರಣ ಹುಡುಕಿದರು. ಸಾಕುವವರೇ ಇಲ್ಲ ಎಂದಿದ್ದ ಊರಿನಲ್ಲಿ ತಂದೆತಾಯಿಗಳು ಸಿಕ್ಕರು. ನಮ್ಮ ಕೇರಿಗಳಲ್ಲಿ ಒಂದೇ ಕೋಣೆಯ ಗುಡಿಸಿಲಿನಲ್ಲಿ ಎಷ್ಟು ಮಂದಿ ಬೇರೆಯವರ ಮಕ್ಕಳು ಬೆಳೆದಿಲ್ಲ!

ಇನ್ನೊಂದು ಮಾತನ್ನು ನಮ್ಮ ಮೇಲೇ ಹೇಳಿಕೊಳ್ಳಬೇಕು, ಹೇಳಲು ಕಷ್ಟವಾಗುತ್ತದೆ. 1960 ಮತ್ತು 70ರ ದಶಕಗಳಲ್ಲಿ ಅಮೆರಿಕದ ಚಟ ಬಿಡಿಸುವ ಕೇಂದ್ರಗಳಲ್ಲಿ ಚಟ ಬಿಟ್ಟವರೇ ಸಲಹೆಗಾರರಾಗಿ ದುಡಿಯುತ್ತಿದ್ದರು. ಅವರಿಗೆ ಓದಿರಲಿಲ್ಲ, ಆದರೆ ನಡುಕದ ರಾತ್ರಿ ಅಂದರೇನು ಅಂತ ಗೊತ್ತಿತ್ತು. ಮಾನ್ಯತೆ, ಲೈಸೆನ್ಸು, ವಿಮೆ ಒಂದೊಂದಾಗಿ ಬಂದಂತೆ ಪದವಿ ಇದ್ದವರಿಗೆ ಕುರ್ಚಿ ಸಿಕ್ಕಿತು, ಇವರಲ್ಲಿ ಅನೇಕರಿಗೆ ಬಾಗಿಲು ಸಿಕ್ಕಿತು. ಆ ಕುರ್ಚಿಗೆ ಬಂದ ಪದವೀಧರರಲ್ಲಿ ಕಪ್ಪು ಹುಡುಗರೂ ಇದ್ದರು, ಅವರ ಮನೆಯಲ್ಲಿ ಅವರೇ ಮೊದಲು ಓದಿದವರು. ನಾಳೆ ನಮ್ಮ ಕೇರಿಯಲ್ಲಿ ಕೇಂದ್ರ ತೆರೆದರೆ ಆ ಕುರ್ಚಿಯಲ್ಲಿ ಕೂರೋರು ಯಾರು? ನಾವೇ. ಬಿ.ಎ. ಮಾಡಿದ ನಾವು, ಪದ್ಯ ಬರೆಯುವ ನಾವು. ಎದುರಿಗೆ ಬೆಂಚಿನ ಮೇಲೆ ಕೂರೋನು ಚಿಕ್ಕಪ್ಪ. ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಕಾದು ಕಾದು ಕಾಲು ನೋಯಿಸಿಕೊಂಡವರು ನಾವು. ಕೌಂಟರಿನ ಆಚೆ ಬದಿಗೆ ಹೋದ ದಿನ ಆ ಕಾಲುನೋವನ್ನು ಎಷ್ಟು ಬೇಗ ಮರೆಯುತ್ತೇವೋ!

ಹಾಗಾದರೆ ಮೊಹರೇ ಬೇಡ ಎಂದ ಗೆಳೆಯರ ಮಾತೇ ಸರಿಯೇ? ಅವರಿಗೆ ಸಿನನಾನ್ ಕಥೆ ಹೇಳುತ್ತೇವೆ. 1958ರಲ್ಲಿ ಚಾರ್ಲ್ಸ್ ಡೆಡರಿಕ್ ಎಂಬ ಕುಡಿತ ಬಿಟ್ಟವನೊಬ್ಬ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಶುರು ಮಾಡಿದ. ಡಾಕ್ಟರರು ಬೇಡ, ಲೈಸೆನ್ಸಿನ ಹಂಗು ಬೇಡ, ಚಟಗಾರರೇ ಚಟಗಾರರನ್ನು ಉಳಿಸುತ್ತಾರೆ ಎಂಬುದು ಅವನ ಸಾರೋಣ. ಮೊದಮೊದಲು ನಿಜವಾಗಿಯೂ ಉಳಿಸಿದ. ದೇಶವೇ ಕೊಂಡಾಡಿತು. ಕೇಳುವವರು ಯಾರೂ ಇರಲಿಲ್ಲ. 1970ರ ದಶಕದ ನಡುವಿಗೆ ಅದು ಧರ್ಮವೆಂದು ಘೋಷಿಸಿಕೊಂಡಿತು. ಒಳಗಿನವರ ತಲೆ ಬೋಳಿಸಿದರು, ಗಂಡಸರಿಗೆ ಒತ್ತಾಯದಿಂದ ಸಂತಾನಹರಣ ಆಪರೇಷನ್ನು ಮಾಡಿಸಿದರು, ಗಂಡಹೆಂಡಿರನ್ನು ಅಗಲಿಸಿದರು. 1978ರಲ್ಲಿ ತಮ್ಮ ವಿರುದ್ಧ ಕೇಸು ನಡೆಸಿದ ವಕೀಲನ ಅಂಚೆಪೆಟ್ಟಿಗೆಯಲ್ಲಿ ವಿಷದ ಹಾವು ಇಟ್ಟರು. ನಮ್ಮವರದ್ದೇ ಸಂಸ್ಥೆ ಎಂಬುದು ಕಟ್ಟಿಹಾಕಿದ ಮನುಷ್ಯನಿಗೆ ಏನು ಸಮಾಧಾನ ಕೊಟ್ಟೀತು? ನಮ್ಮ ಜಾತಿಯವನೇ ಕಟ್ಟಿದ ಹಗ್ಗವೂ ಮುಂಗೈಯನ್ನು ಕೊಯ್ಯುತ್ತದೆ.

ಲಿಂಕನ್ನಿನವರೂ ತಪ್ಪದವರಲ್ಲ. ಮೆಥಡೋನನ್ನು ವರ್ಷಗಟ್ಟಲೆ ಕೊಡುವುದು ಕಪ್ಪುಜನರನ್ನು ಇನ್ನೊಂದು ಸಂಕೋಲೆಗೆ ಕಟ್ಟುವ ಸಂಚು ಎಂದು ಅವರು ನಂಬಿದ್ದರು. ಆ ಸಂಶಯಕ್ಕೆ ಅವರ ಚರಿತ್ರೆಯಲ್ಲಿ ಕಾರಣ ಬೇಕಾದಷ್ಟಿತ್ತು. ಆದರೆ ಆ ಔಷಧಿಯನ್ನು ಮುಂದುವರಿಸಿಕೊಂಡು ಹೋದವರಲ್ಲಿ ಸಾವು ಕಡಿಮೆಯಾಗುತ್ತದೆ ಎಂಬುದು ಈಗ ಮತ್ತೆ ಮತ್ತೆ ಸಾಬೀತಾಗಿದೆ. ಅವರು ನೆಚ್ಚಿಕೊಂಡ ಸೂಜಿಯ ಗತಿ ಬೇರೆ. 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ 620 ಕೊಕೇನ್ ಚಟಗಾರರನ್ನು ನೋಡಿದರು. ಸರಿಯಾದ ಜಾಗಕ್ಕೆ ಚುಚ್ಚಿದ್ದಕ್ಕೂ ಬೇರೆ ಜಾಗಕ್ಕೆ ಸುಮ್ಮನೆ ಚುಚ್ಚಿದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಉಳಿದವರನ್ನು ಸೂಜಿ ಉಳಿಸಿತೋ, ಪಕ್ಕದಲ್ಲಿ ಕೂತ ಮನುಷ್ಯ ಉಳಿಸಿದನೋ? ನಮಗೆ ಎರಡನೆಯದರ ಕಡೆ ಒಲವು. ಒಲವು ಪುರಾವೆಯಲ್ಲ. ನಮ್ಮ ಪ್ರೀತಿಯ ಚಳವಳಿಯನ್ನೂ ತಪ್ಪು ಎನ್ನುವ ಪರೀಕ್ಷೆ ಬೇಕೇ ಬೇಕು. ಅದರಲ್ಲೂ ಕುಡಿತದ ವಿಷಯದಲ್ಲಿ ಹುಡುಗಾಟ ಸಲ್ಲ. ಹೆಚ್ಚು ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ ಮೂರ್ಛೆ ಬರಬಹುದು, ಸನ್ನಿ ಹಿಡಿಯಬಹುದು, ಜೀವವೇ ಹೋಗಬಹುದು. ಡಾಕ್ಟರಿಲ್ಲದ ಕೇರಿಯ ಮನೆಯಲ್ಲಿ ಹಾಡು ಹೇಳಿಕೊಂಡು ಕುಡಿತ ಬಿಡಿಸುತ್ತೇವೆ ಎನ್ನುವವರು ಇದನ್ನು ತಿಳಿದಿರಬೇಕು.

ಹೀಗೆ ಯೋಚಿಸುತ್ತಾ ಬಂದಾಗ ಚಿಕ್ಕಮ್ಮ ಮೊಹರನ್ನು ನೋಡಿದ ರೀತಿ ನಮಗೆ ಬೇರೆಯಾಗಿ ಕಂಡಿತು. ಅವಳನ್ನು ಮುಗ್ಧೆ ಅಂತ ನಗೆಯಾಡಿದ್ದೆವು. ಅದು ನಮ್ಮ ಸಣ್ಣತನ. ಹಣವಂತನಿಗೆ ಮೊಹರು ಬೇಡ. ಅವನಿಗೆ ಪರಿಚಯದ ಡಾಕ್ಟರಿದ್ದಾನೆ, ವಿಚಾರಿಸಲು ನಂಟರಿದ್ದಾರೆ, ಸರಿಬರದಿದ್ದರೆ ಬೇರೆ ಕಡೆ ಕರೆದೊಯ್ಯಲು ಕಾರಿದೆ. ಚಿಕ್ಕಮ್ಮನಿಗೆ ಇದ್ದದ್ದು ಆ ಮೊಹರೊಂದೇ. ತಾನು ಒಳಗೆ ಹೋಗಿ ನೋಡಲಾರೆ, ತನಗೆ ಬದಲಾಗಿ ಯಾರೋ ನೋಡಿದ್ದಾರೆ ಎಂಬ ನಂಬಿಕೆ ಅದು. ಮಾನ್ಯತೆ ಎಂದರೆ ಮೂಲದಲ್ಲಿ ಅವಳಿಗೆ ಕೊಟ್ಟ ಮಾತು. ಅದನ್ನು ಸಂಸ್ಥೆಗೆ ಹಾಕಿದ ಹಾರವಾಗಿ ಮಾಡಿಕೊಂಡಿದ್ದೇ ತಪ್ಪು. ಪರೀಕ್ಷೆ ಬೇಡ ಎನ್ನುವ ಗೆಳೆಯರು ಅವಳ ಕೈಯಲ್ಲಿದ್ದ ಒಂದೇ ಒಂದು ಆಸರೆಯನ್ನೂ ಕಿತ್ತುಕೊಳ್ಳುತ್ತಾರೆ. ಇದ್ದ ಫಾರಂ ತುಂಬಿ ಕೊಟ್ಟರೆ ಸಾಕು ಎನ್ನುವವರು ಅವಳಿಗೆ ಕೊಟ್ಟ ಮಾತು ಮುರಿದದ್ದನ್ನು ಕಾಗದದಿಂದ ಮುಚ್ಚುತ್ತಾರೆ.

ಪರೀಕ್ಷೆಗೆ ನಿಲ್ಲಬೇಕು. ಯಾರ ಮುಂದೆ ನಿಲ್ಲಬೇಕು, ಏನನ್ನು ಕೇಳಿಸಿಕೊಳ್ಳಬೇಕು ಎಂಬುದರಲ್ಲಿ ನಮ್ಮ ಹೋರಾಟ ಇರಬೇಕು ಅಂತ ನಮಗೆ ತೋರುತ್ತದೆ. ಅಮೆರಿಕದಲ್ಲಿ 2000ದ ಕೊನೆಯಲ್ಲಿ ಆರೋಗ್ಯ ಇಲಾಖೆ ಸಂಸ್ಕೃತಿಗೂ ಭಾಷೆಗೂ ಹೊಂದುವ ಸೇವೆಯ ಬಗ್ಗೆ ಮಾನದಂಡಗಳನ್ನು ಹೊರಡಿಸಿತು. ಒಳ್ಳೆಯದೇ. ಆದರೆ ದೊಡ್ಡ ಸಂಸ್ಥೆ ಒಂದು ದಿನದ ತರಬೇತಿ ನಡೆಸಿ, ಹಾಜರಿ ಪುಸ್ತಕ ತೋರಿಸಿ, ಆ ಚೌಕದಲ್ಲಿ ಗುರುತು ಹಾಕಿಕೊಳ್ಳಬಲ್ಲದು. ಹುಟ್ಟಿನಿಂದ ಆ ಬೀದಿಯ ಮಾತೇ ಆಡುವವಳು ತನಗೆ ಆ ಬೀದಿ ಗೊತ್ತು ಎಂಬುದಕ್ಕೆ ದಾಖಲೆ ಒದಗಿಸಬೇಕು. ಅದೇ ದೇಶದಲ್ಲಿ ಔಷಧಿಗಳ ವಿಷಯ ನೋಡಿ. ಬಡ ಕಪ್ಪುಜನ ಮತ್ತು ಲ್ಯಾಟಿನೊ ಜನ ಹೆಚ್ಚಾಗಿ ಹೋಗುವ ಮೆಥಡೋನ್ ಕೇಂದ್ರದಲ್ಲಿ ಬಹಳ ಕಾಲ ದಿನಾ ಬೆಳಗ್ಗೆ ಸಾಲು ನಿಂತು ಎಲ್ಲರೆದುರಿಗೇ ಔಷಧಿ ಕುಡಿಯಬೇಕಿತ್ತು. 2002ರಲ್ಲಿ ಒಪ್ಪಿಗೆ ಪಡೆದ ಬ್ಯೂಪ್ರೆನಾರ್ಫಿನ್ ಎಂಬ ಇನ್ನೊಂದು ಔಷಧಿಯನ್ನು ಡಾಕ್ಟರ ಚೀಟಿ ಹಿಡಿದು ಅಂಗಡಿಯಲ್ಲಿ ಕೊಳ್ಳಬಹುದಾಗಿತ್ತು. ಅದು ಹೆಚ್ಚಾಗಿ ತಲುಪಿದ್ದು ವಿಮೆಯುಳ್ಳ ಬಿಳಿಯರಿಗೆ. ಚಟ ಒಂದೇ ಬಗೆಯದು. ಒಬ್ಬನನ್ನು ಕಳ್ಳನಂತೆ ಕಾದರು, ಇನ್ನೊಬ್ಬನನ್ನು ರೋಗಿಯಂತೆ ಕಂಡರು. ಎರಡೂ ಕಾಯ್ದೆ ಪ್ರಕಾರವೇ ನಡೆದವು.

ನಮ್ಮ ದೇಶದಲ್ಲೂ ಕಾಯ್ದೆ ಇಲ್ಲದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನೂ ಒಳಗೊಳ್ಳುತ್ತದೆ. ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿಯಾಗಬೇಕು, ಯಾರನ್ನೂ ಸರಪಳಿಯಲ್ಲಿ ಕಟ್ಟಕೂಡದು ಎನ್ನುತ್ತದೆ. ಹಗ್ಗದ ಬರೆ ಬಿದ್ದದ್ದು ಈ ಕಾಯ್ದೆ ಬಂದ ಮೇಲೆ. ತಟ್ಟೆ ಬೇರೆ ಮಾಡಿದ್ದಾರೆಯೇ ಎಂದು ಕೇಳುವ ಚೌಕ ಯಾವ ಪರಿಶೀಲನೆಯ ಫಾರಂನಲ್ಲಾದರೂ ಇದೆಯೇ? ನಾವು ಕಂಡ ಫಾರಂಗಳಲ್ಲಿ ಮಂಚ ಎಷ್ಟು, ಶೌಚಾಲಯ ಎಷ್ಟು, ಬೆಂಕಿ ಆರಿಸುವ ಸಿಲಿಂಡರ್ ಎಷ್ಟು ಎಂದೆಲ್ಲ ಇತ್ತು. ಅವೂ ಬೇಕು.

ಕಳೆದ ತಿಂಗಳು ಅದೇ ಗೆಳೆಯರು ಮತ್ತೆ ಸೇರಿದೆವು. ನೋಂದಣಿಗೆ ಅರ್ಜಿ ಹಾಕುವುದು, ಜೊತೆಗೆ ನಮ್ಮದೇ ಒಂದು ಫಾರಂ ಬರೆಯುವುದು, ವರ್ಷಕ್ಕೆರಡು ಸಲ ಆ ಫಾರಂ ಹಿಡಿದು ನಮ್ಮನ್ನು ಪರೀಕ್ಷಿಸಲು ಚಿಕಿತ್ಸೆ ಪಡೆದು ಹೋದವರನ್ನೂ ಅವರ ಮನೆಯ ಹೆಂಗಸರನ್ನೂ ಕರೆಯುವುದು, ಅವರು ಫೇಲು ಅಂದರೆ ಫೇಲು ಅಂತ ಬೋರ್ಡಿನಲ್ಲೇ ಬರೆಯುವುದು ಎಂದು ಮಾತಾಯಿತು. ಕೊನೆಯ ಮಾತಿಗೆ ಇಬ್ಬರು ಇನ್ನೂ ಒಪ್ಪಿಲ್ಲ. ಬೋರ್ಡಿನ ಮೇಲೆ ಫೇಲು ಅಂತ ನೋಡಿದವನು ಮತ್ತೆ ಬರ್ತಾನಾ ಅಂತ ಅವರ ವಾದ.

ಆ ಫಾರಂ ಬರೆಯಲು ಚಿಕ್ಕಪ್ಪನನ್ನು ಕರೆದೆವು. ಅವನು ಈಗಲೂ ಒಮ್ಮೊಮ್ಮೆ ಕುಡಿಯುತ್ತಾನೆ, ಸುಳ್ಳು ಹೇಳುವುದು ಬೇಡ. ಆವತ್ತು ಕುಡಿದಿರಲಿಲ್ಲ. ಬಹಳ ಹೊತ್ತು ಚಾಪೆಯ ಅಂಚು ಕೀಳುತ್ತಾ ಕೂತು, 'ರಾತ್ರಿ ನಡುಕ ಬಂದಾಗ ನೀರು ಕೊಡೋನು ಎದ್ದಿರ್ತಾನಾ ಅಂತ ಬರ್ಕೊ' ಅಂದ. ಒಂದನೇ ಪ್ರಶ್ನೆ ಎಂದು ಬರೆದುಕೊಂಡೆವು. ಒಲೆಯ ಮುಂದಿದ್ದ ಚಿಕ್ಕಮ್ಮ ತಿರುಗದೆಯೇ ಹೇಳಿದಳು: 'ನಾನು ಯಾವೊತ್ತು ಬಂದ್ರೂ ಬಾಗ್ಲು ತೆಗೀತಾರಾ ಅಂತ್ಲೂ ಬರ್ಕೊ. ಹೇಳಿ ಕಳಿಸ್ದೆ ಬಂದ್ರೂವೆ.'